ಕೆಜಿಎಫ್‌ಗೆ ಮ್ಯಾಚ್ ನೋಡೋಕೆ ಹೋಗಿ ನಮ್ಮ ಟೀಮಿನ ಗೋಲಿಗೇ ಫ್ಲ್ಯಾಗ್ ಎತ್ತಿ ಬಂದೆ

ಗುಬ್ಬಿಗೇಟ್_ಗ್ಯಾಲರಿ

ತುಮಕೂರಿನವರು ಬೈಯೋದಿದ್ದರೆ ಪೂರ್ತಿ ಓದಿ, ಆಮೇಲೆ ಬೈಯಿರಿ.

ಹೋದ ಭಾನುವಾರ ನಮ್ಮ ಟೀಮು ಕೆಜಿಎಫ್‌ನಲ್ಲಿ ಒಂದು ನಾಕ್‌ಔಟ್ ಫುಟ್‌ಬಾಲ್ ಟೂರ್ನಮೆಂಟಿನ ಸೆಮಿಫೈನಲ್ ಆಡಿತು. ಟೀಮಿನ ಹೆಸರು ಬೇಡ, ಗೊತ್ತಿರುವವರಿಗೆ ಗೊತ್ತು. ಹುಡುಗರು ಹಿಂದಿನ ರಾತ್ರಿಯೇ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಹೋಗಿದ್ದರು. ಗಾಡಿಯಲ್ಲಿ ಸೀಟ್ ಇರಲಿಲ್ಲ. ಹಾಗಾಗಿ ನಾನು, ನನ್ನ ಜೊತೆ ಕೆಲಸ ಮಾಡುವ ಒಬ್ಬ ಗೆಳೆಯ, ಮತ್ತೆ ಹಟ ಹಿಡಿದು ಹೊರಟ ನನ್ನ ಅಕ್ಕನ ಮಗಳು, 13 ವರ್ಷದವಳು, ಮೂರು ಜನ ರೈಲಲ್ಲಿ ಹೋದೆವು. ತುಮಕೂರಿನ ಅಭಿಮಾನಿ ಬಳಗ ಅಂದರೆ ಅವತ್ತು ಇಷ್ಟೇ.

ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ಅಲ್ಲಿಂದ ಮಾರಿಕುಪ್ಪಂ ಗಾಡಿ, ಇನ್ನೊಂದು ಎಂಬತ್ತು ಚಿಲ್ಲರೆ. ಬಂಗಾರಪೇಟೆ ತನಕ ಮಾಮೂಲಿ ದಾರಿ. ಆಮೇಲೆ ಗಾಡಿ ಮೇನ್ ಲೈನ್ ಬಿಟ್ಟು ಒಳಗೆ ತಿರುಗುತ್ತದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಹೀಗೆ ಸ್ಟೇಷನ್ ಹೆಸರು ಬಹಳಷ್ಟು ಗಣಿಗಳ ಹೆಸರೇ. ಕಿಟಕಿಯಲ್ಲಿ ಬೂದು ಬಣ್ಣದ ದೊಡ್ಡ ದೊಡ್ಡ ದಿಬ್ಬ ಕಂಡವು. ಹುಡುಗಿ 'ಮಾವ, ಇದು ಯಾವ ಬೆಟ್ಟ' ಅಂದಳು. ಬೆಟ್ಟ ಅಲ್ಲ, ಚಿನ್ನ ತೆಗೆದ ಮೇಲೆ ಉಳಿದ ಪುಡಿ, ಸೈನೈಡ್ ದಿಬ್ಬ ಅಂತಾರೆ ಅಂದೆ. ನಂಬಲೇ ಇಲ್ಲ. ಎದುರು ಕೂತಿದ್ದ ಅಜ್ಜ ಹೌದಮ್ಮಾ ಅಂದಮೇಲೆ ನಂಬಿದಳು.

ಊರಿಗಾಂನಲ್ಲಿ ಇಳಿದು ಮೈದಾನಕ್ಕೆ ನಡೆದೆವು. ಹುಲ್ಲು ಅನ್ನೋದು ಒಂದು ಎಳೆ ಇಲ್ಲ. ಗಟ್ಟಿ ನೆಲ, ಮೇಲೆ ಸಣ್ಣ ಕಲ್ಲು, ಅದರ ಮೇಲೆ ಹಿಟ್ಟಿನಂಥ ಧೂಳು. ಸುಣ್ಣದ ಗೆರೆ ಬೆಳಿಗ್ಗೆ ಎಳೆದದ್ದು, ಮಧ್ಯಾಹ್ನಕ್ಕೆ ಅರ್ಧ ಹಾರಿ ಹೋಗಿತ್ತು. ಒಂದು ಗೋಲಿನ ಹಿಂದೆ ಗಣಿ ಕಾರ್ಮಿಕರ ಲೈನ್ ಮನೆಗಳು, ಇನ್ನೊಂದರ ಹಿಂದೆ ಜಾಲಿ ಪೊದೆ. ಬಾಲ್ ಪೊದೆಗೆ ಹೋದರೆ ಆಟ ಎರಡು ನಿಮಿಷ ನಿಂತ ಹಾಗೇ. ಜನ ಮಾತ್ರ ಮುನ್ನೂರಕ್ಕೆ ಕಡಿಮೆ ಇರಲಿಲ್ಲ, ಕಾಂಪೌಂಡ್ ಮೇಲೆಲ್ಲ ಸಾಲಾಗಿ ಕೂತಿದ್ದರು. ಮೈಕ್ ಹಿಡಿದವನು ಅದ್ಭುತ. ಸ್ಕೋರ್ ಇಂಗ್ಲಿಷ್‌ನಲ್ಲಿ, ದುಡ್ಡು ಕೊಟ್ಟವರ ಹೆಸರು ಕನ್ನಡದಲ್ಲಿ, ತಮಾಷೆ ಎಲ್ಲ ತಮಿಳಿನಲ್ಲಿ. ನಮ್ಮ ಹುಡುಗರು ಇಳಿದ ಕೂಡಲೇ 'ತಟ್ಟೆ ಇಡ್ಲಿ ವಂದಾಚ್ಚು' ಅಂದ, ಅಂದರೆ ತಟ್ಟೆ ಇಡ್ಲಿ ಬಂತು ಅಂತ. ಅಲ್ಲಿಂದ ಕೊನೆ ತನಕ ನಾವು ತಟ್ಟೆ ಇಡ್ಲಿನೇ.

ಈಗ ವಿಷಯಕ್ಕೆ ಬರ್ತೀನಿ. ಒಬ್ಬ ಲೈನ್ಸ್‌ಮನ್ ಬಂದಿರಲಿಲ್ಲ. ಒಂದು ಕಡೆ ಅವರ ಊರಿನವನು ನಿಂತ, ಇನ್ನೊಂದು ಕಡೆಗೆ ತುಮಕೂರಿನವರು ಯಾರಾದರೂ ಬನ್ನಿ ಅಂದರು. ಬದಲಿ ಆಟಗಾರರು ಯಾರೂ ಒಪ್ಪಲಿಲ್ಲ. ನಾನು ಹೋದೆ. ಫ್ಲ್ಯಾಗ್ ಅಂದರೆ ಕೆಂಪು ಟವೆಲ್ ಹರಿದು ಕೋಲಿಗೆ ಕಟ್ಟಿದ್ದು. ಬಾಲ್ ಔಟ್, ಆಫ್‌ಸೈಡ್ (ಪಾಸ್ ಕೊಡುವಾಗ ಬಾಲಿಗೂ ಎದುರಾಳಿ ಬ್ಯಾಕ್‌ಗಳಿಗೂ ಮುಂದೆ, ಗೋಲಿನ ಹತ್ತಿರ ನಿಂತಿರೋದು) ಎರಡೂ ನೋಡಿ ಅಂತ ರೆಫರಿ ಹೇಳಿದರು.

ಮೊದಲ ಹಾಫ್ 1-1. ಎರಡನೇ ಹಾಫ್‌ನಲ್ಲಿ ನನ್ನ ಕಡೆ ಅಟ್ಯಾಕ್ ಮಾಡ್ತಿದ್ದದ್ದು ನಮ್ಮವರೇ. ನಾಲ್ಕು ನಿಮಿಷ ಉಳಿದಿತ್ತು. ಹಿಂದಿನಿಂದ ಉದ್ದ ಬಾಲ್ ಬಂತು, ನಮ್ಮ 9ನೇ ನಂಬರ್ ಓಡಿದ. ಅವರ ಕೀಪರ್ ಪೆನಾಲ್ಟಿ ಬಾಕ್ಸ್ ದಾಟಿ ಹೊರಗೆ ಬಂದ, ಒದ್ದ, ಗಾಳಿಗೆ ಒದ್ದ. ಅವರ ಒಬ್ಬ ಬ್ಯಾಕ್, ಅಂದರೆ ಡಿಫೆಂಡರ್, ಅಡ್ಡ ಬಿದ್ದ, ಧೂಳು ಎದ್ದಿತು. ಆ ಧೂಳಿಂದ 9 ಹೊರಗೆ ಬಂದು ಎಡಗಡೆಯಿಂದ 7ಕ್ಕೆ ಅಡ್ಡ ಕೊಟ್ಟ. 7 ತಟ್ಟಿದ, ಗೋಲ್. ನಮ್ಮ ಹುಡುಗರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು.

ನನ್ನ ಕೈಯಲ್ಲಿ ಟವೆಲ್ ಮೇಲಿತ್ತು. ಯಾವಾಗ ಎತ್ತಿದೆ ಅಂತ ನನಗೇ ಗೊತ್ತಿಲ್ಲ.

ರೆಫರಿ ನನ್ನ ಮುಖ ನೋಡಿದರು. 'ನಿಮ್ಮ ಟೀಮೇ ಅಲ್ವಾ?' ಹೌದು ಸಾರ್. 'ಆಫ್‌ಸೈಡಾ?' ಹೌದು ಸಾರ್. ಅಷ್ಟೇ, ಗೋಲ್ ಇಲ್ಲ. ಟೈ ಬ್ರೇಕರ್‌ನಲ್ಲಿ 4-3ಕ್ಕೆ ಸೋತೆವು.

ಸೋತದ್ದಕ್ಕಿಂತ ಜಾಸ್ತಿ ಆಮೇಲಿನದ್ದು. ಕೆಜಿಎಫ್ ಜನ ನನ್ನನ್ನು ಬಿಡಲಿಲ್ಲ. 'ಅಣ್ಣನಿಗೆ ಟೀ ಕೊಡ್ರೋ' ಅಂತ ಮೈಕ್‌ನಲ್ಲೇ ಹೇಳಿದ. ನಮ್ಮ ಕೋಚ್ ಹತ್ತು ಅಡಿ ದೂರದಲ್ಲಿ ನಿಂತು ನೋಡ್ತಿದ್ದಾರೆ, ನನ್ನ ಕೈಯಲ್ಲಿ ಎದುರಾಳಿಗಳ ಟೀ. ಕುಡಿಯೋಕೂ ಆಗಲಿಲ್ಲ, ಚೆಲ್ಲೋಕೂ ಆಗಲಿಲ್ಲ. ವಾಪಸ್ ಬರುವಾಗ ಹುಡುಗಿ ಬಂಗಾರಪೇಟೆ ತನಕ ಮಾತೇ ಆಡಲಿಲ್ಲ. ಅಲ್ಲಿ ಇಳಿದು ಪಾನಿಪುರಿ ಕೊಡಿಸಿದೆ. ಅಲ್ಲಿನ ಪಾನಿ ನೋಡೋಕೆ ಬರೀ ಕುಡಿಯೋ ನೀರಿನ ಹಾಗೆ ತಿಳಿ, ಬಾಯಿಗಿಟ್ಟರೆ ಕಿವಿಯಲ್ಲಿ ಹೊಗೆ. ಖಾರಕ್ಕೆ ಕಣ್ಣೀರು ಒರೆಸಿಕೊಂಡು ಕೇಳಿದಳು: 'ಮಾವ, ನೀನು ಯಾವ ಟೀಮು?'

ಹೇಳಿ, ನಾನು ಮಾಡಿದ್ದು ತಪ್ಪಾ?


ಎಡಗಾಲು_ಸಿರಾ

ತಪ್ಪು. ಮುಗೀತು. 150 ಕಿಲೋಮೀಟರ್ ಹೋಗಿ ನಮ್ಮ ಗೋಲ್ ನಾವೇ ತೆಗೆಯೋದಾ ಗುರೂ? ಆ ಕಡೆ ಲೈನಿನಲ್ಲಿ ನಿಂತಿದ್ದ ಅವರ ಊರಿನವನು ಎಷ್ಟು ಸಲ ಅವರ ವಿರುದ್ಧ ಎತ್ತಿದ, ಅದನ್ನು ಹೇಳಿ ಮೊದಲು.


ಗುಬ್ಬಿಗೇಟ್_ಗ್ಯಾಲರಿ

ಒಂದು ಸಲವೂ ಇಲ್ಲ. ಹಾಗಂತ ಅವನು ಮೋಸ ಮಾಡಿದ ಅಂತಲ್ಲ. ಅವನು ಫೋನಿನಲ್ಲಿದ್ದ.


ನಡುರಾತ್ರಿ_ಪ್ರೀಮಿಯರ್‌ಲೀಗ್

ಹ್ಹಹ್ಹ. ಅಲ್ಲಿ ಇಂಗ್ಲೆಂಡಲ್ಲಿ 2019ರಿಂದ ವಿಎಆರ್ (ವಿಡಿಯೋ ನೋಡಿ ಹೇಳುವ ರೆಫರಿ) ಇಟ್ಟುಕೊಂಡು, ಗೆರೆ ಎಳೆದು, ನಾಲ್ಕು ನಿಮಿಷ ನೋಡಿ, ಆಮೇಲೂ ಜಗಳ ಆಡ್ತಾರೆ. ನೀವು ಹರಿದ ಟವೆಲ್‌ನಲ್ಲಿ ಒಂದು ಸೆಕೆಂಡಿಗೆ ಮುಗಿಸಿದಿರಿ. ವಿಡಿಯೋ ಇದೆಯಾ?


ಗುಬ್ಬಿಗೇಟ್_ಗ್ಯಾಲರಿ

ಒಂದಿದೆ. ಗೋಲಿನ ಹಿಂದೆ ನಿಂತ ಒಬ್ಬ ಹುಡುಗ ತೆಗೆದದ್ದು. ಮೊದಲು ಧೂಳು, ಆಮೇಲೆ ಅವನ ಬೆರಳು, ಆಮೇಲೆ ಕೂಗಾಟ. ಏನೂ ಕಾಣಲ್ಲ.


ಹಳೇ_ಸೀಟಿ

ನಾನು ಬಹಳ ವರ್ಷ ಇಂಥ ಮ್ಯಾಚುಗಳಿಗೆ ರೆಫರಿ ಆಗಿದ್ದವನು. ಈಗ ಮಂಡಿ ಕೈಕೊಟ್ಟಿದೆ, ಮನೆಯಲ್ಲೇ ಇದ್ದೇನೆ. ಎರಡು ಮಾತು ಹೇಳಬೇಕು.

ಒಂದು, ತಪ್ಪು ನಿಮ್ಮದಲ್ಲ, ನಿಮಗೆ ಆಫ್‌ಸೈಡ್ ನೋಡಲು ಹೇಳಿದವರದ್ದು. ಟೀಮಿನ ಕಡೆಯವರು ಫ್ಲ್ಯಾಗ್ ಹಿಡಿದರೆ ಬಾಲ್ ಔಟ್ ಆಯಿತಾ ಇಲ್ಲವಾ ಅಷ್ಟು ಮಾತ್ರ ಕೇಳಬೇಕು, ಆಫ್‌ಸೈಡ್ ರೆಫರಿಯೇ ನೋಡಿಕೊಳ್ಳಬೇಕು. ನಾನು ಯಾವಾಗಲೂ ಹಾಗೆಯೇ ಮಾಡುತ್ತಿದ್ದೆ. ಮನುಷ್ಯರನ್ನು ಸುಮ್ನೆ ಸಂಕಟಕ್ಕೆ ಹಾಕಬಾರದು ನೋಡಿ. ಅಲ್ಲದೆ ಫ್ಲ್ಯಾಗ್ ಬರೀ ಸಲಹೆ. ಕೊನೆಯ ತೀರ್ಮಾನ ಸೀಟಿ ಇರುವವನದ್ದೇ.

ಎರಡು, ಕೀಪರ್ ಹೊರಗೆ ಬಂದಾಗಲೇ ಎಲ್ಲರೂ ಎಡವುವುದು. ಜನ ತಿಳಿದುಕೊಂಡಿರುವುದು ಏನೆಂದರೆ ಕೊನೆಯ ಬ್ಯಾಕ್ ಎಲ್ಲಿದ್ದಾನೋ ಅದೇ ಆಫ್‌ಸೈಡ್ ಗೆರೆ ಅಂತ. ಅಲ್ಲ. ಗೋಲ್ ಲೈನಿನಿಂದ ಎಣಿಸಿದರೆ ಎರಡನೆಯವನು ಎಲ್ಲಿದ್ದಾನೋ ಅದು. ಸಾಮಾನ್ಯವಾಗಿ ಮೊದಲನೆಯವನು ಕೀಪರ್ ಆಗಿರುವುದರಿಂದ ಲೆಕ್ಕ ಸರಿ ಹೋಗುತ್ತದೆ. ಕೀಪರ್ ಮುಂದೆ ಬಂದುಬಿಟ್ಟರೆ ಲೆಕ್ಕ ತಪ್ಪುತ್ತದೆ, ಒಬ್ಬ ಬ್ಯಾಕ್ ಗೋಲಿನಲ್ಲೇ ನಿಂತಿದ್ದರೂ ಆಫ್‌ಸೈಡ್ ಆಗಬಹುದು. ಮೊದಲು ಈ ನಿಯಮ ಇನ್ನೂ ಗಟ್ಟಿ ಇತ್ತು, ಮೂರು ಜನ ಬೇಕಿತ್ತು. 1925ರಲ್ಲಿ ಎರಡಕ್ಕೆ ಇಳಿಸಿದರು, ಗೋಲು ಜಾಸ್ತಿ ಆದವು. ಸಮಸಮ ಇದ್ದರೆ ಆಫ್‌ಸೈಡ್ ಅಲ್ಲ ಅಂತ ಮಾಡಿದ್ದು 1990ರಲ್ಲಿ.

ಈಗ ನೀವು ಹೇಳಿ. 9 ಬಾಲ್ ಕೊಡುವಾಗ 7 ಬಾಲಿಗಿಂತ ಮುಂದೆ ಇದ್ದನಾ, ಹಿಂದೆ ಇದ್ದನಾ? ಹಿಂದೆ ಇದ್ದರೆ ಅಥವಾ ಸಮ ಇದ್ದರೆ ಎದುರಾಳಿ ಒಬ್ಬನೂ ಇಲ್ಲದಿದ್ದರೂ ಅದು ಗೋಲು. ಅಡ್ಡ ಕೊಟ್ಟ ಅಂತ ಬೇರೆ ಬರೆದಿದ್ದೀರಿ.


ಎಡಗಾಲು_ಸಿರಾ

ಸಾರ್ ಸರಿಯಾಗಿ ಹಿಡಿದರು. ಅಡ್ಡ ಪಾಸ್ ಅಂದಮೇಲೆ ಅದು ಗೋಲೇ. ಕ್ಷಮಾಪಣೆ ಕೇಳಿ, ಹುಡುಗರಿಗೆ ಬಿರಿಯಾನಿ ಕೊಡಿಸಿ.


ಗುಬ್ಬಿಗೇಟ್_ಗ್ಯಾಲರಿ

ಸಾರ್, ಈ ಪ್ರಶ್ನೆ ನಾನು ಎರಡು ರಾತ್ರಿಯಿಂದ ಕೇಳಿಕೊಳ್ತಿದೀನಿ. ಅಡ್ಡ ಅಂದರೆ ಪೂರ್ತಿ ಅಡ್ಡ ಅಲ್ಲ, ಸ್ವಲ್ಪ ಮುಂದಕ್ಕೆ. ಬಾಲ್ ಒದೆಯುವಾಗ 7 ಒಂದು ಹೆಜ್ಜೆ ಮುಂದೆ ಇದ್ದ. ಬೂಟಿನ ತುದಿ ಅಲ್ಲ, ಎದೆನೇ ಮುಂದಿತ್ತು. ಗೋಲಿನ ಹತ್ತಿರ ಅವರ ಒಬ್ಬನೇ ಬ್ಯಾಕ್, ಉಳಿದವರೆಲ್ಲ ಕೀಪರ್ ಜೊತೆ ಹಿಂದೆ ಉಳಿದಿದ್ದರು. ನಾನು ಸರಿಯಾಗಿ ಆ ಗೆರೆಗೇ ನಿಂತಿದ್ದೆ, ಯಾಕಂದರೆ ಓಡಿ ಓಡಿ ಉಸಿರು ಹೋಗಿ ಅಲ್ಲೇ ನಿಂತುಬಿಟ್ಟಿದ್ದೆ. ಅದೃಷ್ಟಕ್ಕೆ ಜಾಗ ಸರಿ ಇತ್ತು. ದುರದೃಷ್ಟಕ್ಕೆ ಅಂತಲೂ ಹೇಳಬಹುದು.


ಹಳೇ_ಸೀಟಿ

ಹಾಗಾದರೆ ಆಫ್‌ಸೈಡ್. ಮಲಗಿ ನಿದ್ದೆ ಮಾಡಿ.


ಮಾಲೂರು_ಪ್ಯಾಸೆಂಜರ್

ಮ್ಯಾಚ್ ವಿಷಯ ನನಗೆ ಬೇಡ, ರೈಲಿನ ವಿಷಯ ಹೇಳ್ತೀನಿ. ನೀವು ಭಾನುವಾರ ಹೋದಿರಿ, ಅದೂ ಉಲ್ಟಾ ದಿಕ್ಕಿಗೆ, ಅದಕ್ಕೆ ಸೀಟು ಸಿಕ್ಕಿತು. ವಾರದ ದಿನ ಬೆಳಿಗ್ಗೆ ಮಾರಿಕುಪ್ಪಂ ಗಾಡಿ ಮಾಲೂರಿಗೆ ಬರುವಷ್ಟರಲ್ಲಿ ಕಾಲಿಡೋಕೆ ಜಾಗ ಇರಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವತ್ತಿಂದ ಆ ಊರಿನ ಅರ್ಧ ಜನ ಬೆಂಗಳೂರಿಗೆ ಇದೇ ರೈಲಲ್ಲಿ ಕೆಲಸಕ್ಕೆ ಹೋಗಿ ಬರ್ತಾರೆ. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆ ಸೇರ್ತಾರೆ. ನೀವು ನೋಡಿದ ಟೀಮಿನಲ್ಲೂ ನಾಲ್ಕೈದು ಜನ ಅಂಥವರೇ ಇರಬೇಕು. ಪ್ರಾಕ್ಟೀಸ್ ಯಾವಾಗ ಮಾಡ್ತಾರೋ ದೇವರಿಗೇ ಗೊತ್ತು.

ಟಿಟಿಯವರಿಗೆ ಒಂದು ಮಾತು. ಹೊಸಕೋಟೆಯಿಂದ ಬೇತಮಂಗಲ ಕಡೆಗೆ ಹೊಸ ಎಕ್ಸ್‌ಪ್ರೆಸ್‌ವೇ ಇದೆ, ಬೇಗ ಆಗುತ್ತೆ. ಬೈಕಿನವರನ್ನು ಬಿಡಲ್ಲ, ನೆನಪಿರಲಿ.


ಜೆರ್ಸಿ_ನಂ_4

ಒಂದು ಪ್ರಶ್ನೆ ಯಾರೂ ಕೇಳಲಿಲ್ಲ, ನಾನೇ ಕೇಳ್ತೀನಿ. 13 ವರ್ಷದ ಹುಡುಗಿನ ಕರ್ಕೊಂಡು ಹೋಗಿದ್ರಲ್ಲ, ಮೈದಾನದಲ್ಲಿ ಟಾಯ್ಲೆಟ್ ಇತ್ತಾ?

ನಾನು ಕಾಲೇಜು ಟೀಮಿಗೆ ಆಡಿದವಳು. ಹೊರಗಡೆ ಮ್ಯಾಚ್ ಅಂದರೆ ನಾವು ಹುಡುಗೀರು ಬೆಳಿಗ್ಗೆಯಿಂದ ನೀರೇ ಕುಡೀತಿರಲಿಲ್ಲ. ಬಿಸಿಲಲ್ಲಿ ಆಡಿ ತಲೆ ಸುತ್ತಿ ಬಿದ್ದವರಿದ್ದಾರೆ. 'ಫಿಟ್‌ನೆಸ್ ಇಲ್ಲ' ಅಂತಿದ್ರು. ಫಿಟ್‌ನೆಸ್ ಅಲ್ಲ ಸಾರ್, ಟಾಯ್ಲೆಟ್ ಇಲ್ಲ. ಊರಿನ ಟೀಮಿನ ಹಿಂದೆ ಹೆಂಗಸರು ಯಾಕೆ ಬರಲ್ಲ ಅಂತ ಕೇಳೋರಿಗೆ ಉತ್ತರ ಇಷ್ಟೇ.


ಗುಬ್ಬಿಗೇಟ್_ಗ್ಯಾಲರಿ

ಇರಲಿಲ್ಲ ಮೇಡಂ. ಹೋಗುವ ಮುಂಚೆ ನನಗೆ ಆ ಯೋಚನೆಯೇ ಬರಲಿಲ್ಲ, ಅದು ನನ್ನ ತಪ್ಪು. ಗೋಲಿನ ಹಿಂದಿನ ಲೈನ್ ಮನೆಯ ಒಬ್ಬ ಅಜ್ಜಿ ಅವಳ ಮುಖ ನೋಡಿ ತಾವೇ ಕರೆದರು. ಒಳಗೆ ಕರೆದುಕೊಂಡು ಹೋಗಿ, ಮಜ್ಜಿಗೆ ಕೊಟ್ಟು, ತಲೆ ಬಾಚಿ ಕಳಿಸಿದರು. ಜಡೆಯಲ್ಲಿ ಕನಕಾಂಬರ ಬೇರೆ! ಒಂದೇ ಕೋಣೆಯ ಮನೆಯಂತೆ, ಗೋಡೆ ಮೇಲೆ ಗಣಿ ಟೊಪ್ಪಿ ಹಾಕಿದ ತಾತನ ಫೋಟೋ ಇತ್ತಂತೆ. ಹುಡುಗಿಗೆ ಮ್ಯಾಚಿಗಿಂತ ಅದೇ ಜಾಸ್ತಿ ನೆನಪು.


ನಡುರಾತ್ರಿ_ಪ್ರೀಮಿಯರ್‌ಲೀಗ್

ಸೀರಿಯಸ್ ಆಗಿ ಕೇಳ್ತೀನಿ, ಬೇಜಾರಾಗಬೇಡಿ. ಇಂಥ ಮ್ಯಾಚಿಗೆ ಯಾಕೆ ಹೋಗಬೇಕು? ಹುಲ್ಲಿಲ್ಲ, ಲೈನ್ಸ್‌ಮನ್ ಇಲ್ಲ, ನೆರಳಿಲ್ಲ. ಲೀಗ್ ಕೂಡ ಅಲ್ಲ. ಮನೆಯಲ್ಲಿ ಕೂತರೆ ಒಳ್ಳೆ ಆಟ ಸಿಗುತ್ತೆ ಅಲ್ವಾ.


ಗುಬ್ಬಿಗೇಟ್_ಗ್ಯಾಲರಿ

ಲೀಗ್ ಎಲ್ಲಿದೆ ಬ್ರೋ ನಮಗೆ? ದೇಶದ ಏಣಿ ನೋಡಿ: ಮೇಲೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್), ಅದರ ಕೆಳಗೆ ಬೇರೆ ಲೀಗ್‌ಗಳು. ರಾಜ್ಯಕ್ಕೆ ಬಂದರೆ ದೊಡ್ಡ ಲೀಗ್ ಅಂದರೆ ಬೆಂಗಳೂರಿನ ಸೂಪರ್ ಡಿವಿಜನ್, ಅದರ ಕೆಳಗೆ ಎ, ಬಿ, ಸಿ. ಎಲ್ಲ ಬೆಂಗಳೂರೇ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹುಡುಗರಿಗೆ ಸಿಗೋದು ಇಂಥ ಟೂರ್ನಮೆಂಟೇ. ಜಾತ್ರೆಗೆ ಒಂದು, ಅಂಬೇಡ್ಕರ್ ಜಯಂತಿಗೆ ಒಂದು, ಯಾರೋ ತೀರಿಕೊಂಡವರ ನೆನಪಿಗೆ ಒಂದು. ನನಗೂ ರಾತ್ರಿ ಮ್ಯಾಚ್ ಇಷ್ಟ, ನೋಡ್ತೀನಿ. ಆದರೆ ಅಲ್ಲಿ 7ನೇ ನಂಬರಿನವನು ನನಗೆ ಫೋನ್ ಮಾಡಿ 'ಅಣ್ಣ, ಯಾಕಣ್ಣ ಹೀಗೆ ಮಾಡಿದೆ' ಅಂತ ಕೇಳಲ್ಲ. ಇಲ್ಲಿ ಕೇಳಿದ. ಸೋಮವಾರ ಬೆಳಿಗ್ಗೆ 6 ಗಂಟೆಗೆ.


ತಿಪಟೂರು_ಕೊಬ್ಬರಿ

ಏನಂದ್ರಿ ಅವನಿಗೆ?


ಗುಬ್ಬಿಗೇಟ್_ಗ್ಯಾಲರಿ

ಒಂದು ಹೆಜ್ಜೆ ತಡವಾಗಿ ಓಡಬೇಕಿತ್ತು ಅಂದೆ. ಫೋನ್ ಇಟ್ಟ.


ಹಳೇ_ಸೀಟಿ

ಹುಲ್ಲಿಲ್ಲದ ಮೈದಾನ ಅಂತ ಆಡಿಕೊಳ್ಳುವವರಿಗೆ ಒಂದು ಮಾತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಾವು 2-1ಕ್ಕೆ ಸೋತೆವು. ನಮ್ಮವರು ಬಹಳ ಜನ ಬರಿಗಾಲಿನಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ರಾಮನ್. ಅದೇ ಟೀಮಿನ ಅಹಮದ್ ಖಾನ್ ಕೂಡ ಬೆಂಗಳೂರಿನವರೇ, ಆಮೇಲೆ ಈಸ್ಟ್ ಬೆಂಗಾಲ್‌ನಲ್ಲಿ ದೊಡ್ಡ ಹೆಸರು ಮಾಡಿದರು. ಆಸ್ಟಿನ್ ಟೌನ್‌ನ ಕಾರ್ಲ್‌ಟನ್ ಚಾಪ್‌ಮನ್ 1993ರಲ್ಲಿ ಇರಾಕಿನ ಕ್ಲಬ್ ಮೇಲೆ ಹ್ಯಾಟ್ರಿಕ್ ಹೊಡೆದರು. ಆ ಕಾಲದವರು ಟರ್ಫ್ ನೋಡಿ ಆಟ ಕಲಿತವರಲ್ಲ.

ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು 1969ರ ಮೇಲೆ ಮತ್ತೆ ಗೆಲ್ಲಲು ನಮಗೆ 2023 ಆಗಬೇಕಾಯಿತು, ಅದೂ ರಿಯಾದ್‌ನಲ್ಲಿ. ಮೇಘಾಲಯದ ವಿರುದ್ಧ 3-2. ಅವತ್ತು ನಾನು ಅತ್ತದ್ದು ನಿಜ. ಇರಲಿ, ಮಾತು ಬೇರೆ ಕಡೆ ಹೋಯಿತು.


ಚಾಂಪಿಯನ್_ರೀಫ್

ನಮಸ್ಕಾರ. ಒಬ್ಬ ಫ್ರೆಂಡು ಈ ಚರ್ಚೆ ಕಳಿಸಿದ. ನನ್ನ ಕನ್ನಡ ಸ್ಕೂಲ್ ಕನ್ನಡ, ಮನೆಯಲ್ಲಿ ತಮಿಳು, ತಪ್ಪಿದ್ದರೆ ಕ್ಷಮಿಸಿ.

ಅವತ್ತು ಅಡ್ಡ ಬಿದ್ದ ಬ್ಯಾಕ್ ನಾನೇ.

ಮಾಲೂರಿನವರು ಹೇಳಿದ್ದು ಸರಿ. ನಮ್ಮ ಟೀಮಿನಲ್ಲಿ ಆರು ಜನ ದಿನಾ ಬೆಂಗಳೂರಿಗೆ ಹೋಗ್ತೀವಿ. ಪ್ರಾಕ್ಟೀಸ್ ಭಾನುವಾರ ಮಾತ್ರ. ನಮ್ಮ ತಂದೆ ಗಣಿಯಲ್ಲಿದ್ದರು, ಶಿಫ್ಟ್ ಮುಗಿಸಿ ಹಾಗೇ ಬಂದು ಇದೇ ಮೈದಾನದಲ್ಲಿ ಆಡ್ತಿದ್ದರು. ಆಗ ಹುಲ್ಲು ಇತ್ತು ಅಂತಾರೆ. ನಾನು ನೋಡಿಲ್ಲ. ಗಾಳಿಕಾಲದಲ್ಲಿ ದಿಬ್ಬದಿಂದ ಪುಡಿ ಬಂದು ಮೈದಾನ ಬಿಳಿ ಆಗುತ್ತೆ, ಬಾಯಿ ತೆರೆದು ಓಡಿದರೆ ಹಲ್ಲಲ್ಲಿ ಕರಕರ.

ಆಫ್‌ಸೈಡ್ ಹೌದು ಅಣ್ಣ. ಬಿದ್ದಲ್ಲಿಂದ ನನಗೆ ಕಾಣ್ತಿತ್ತು, ನಿಮ್ಮ 7 ಮುಂದೆ ಇದ್ದ. ನೀವು ಎತ್ತಿದ್ದು ಸರಿ.

ಆದರೆ ಅದಕ್ಕೂ ಮುಂಚೆ ಇನ್ನೊಂದು ಆಯಿತು. ನಾನು ಬಿದ್ದಾಗ ಬಾಲ್ ನನ್ನ ಪಕ್ಕದಲ್ಲಿ ಹೋಗ್ತಿತ್ತು. ಕೈ ಹಾಕಿ ಎಳೆದೆ. ಬೇಕಂತಲೇ. ಸ್ವಲ್ಪ ನಿಂತಿತು, ಆದರೂ ನಿಮ್ಮ 9 ಕಿತ್ತುಕೊಂಡು ಹೋದ. ಬಾಕ್ಸ್ ಒಳಗೇ ಇದ್ದೆ. ಧೂಳಲ್ಲಿ ಯಾರಿಗೂ ಕಾಣಲಿಲ್ಲ.


ಎಡಗಾಲು_ಸಿರಾ

ಅಯ್ಯೋ ದೇವ್ರೇ. ಪೆನಾಲ್ಟಿ!!


ತಿಪಟೂರು_ಕೊಬ್ಬರಿ

ಕೈಮುಗಿದೆ ಎಲ್ಲರಿಗೂ 😂


ಹಳೇ_ಸೀಟಿ

ಕಂಡಿದ್ದರೆ ಪೆನಾಲ್ಟಿಯೇ. ಹ್ಯಾಂಡ್ ಬಾಲ್ ಮೊದಲು ಆಗಿದೆ, ಆಫ್‌ಸೈಡ್ ಆಮೇಲೆ. ರೆಫರಿ ಅಡ್ವಾಂಟೇಜ್ ಅಂತ ಆಟ ನಿಲ್ಲಿಸದೆ ಬಿಟ್ಟಿದ್ದರೂ ಅದು ಫಲ ಕೊಡದಿದ್ದಾಗ ವಾಪಸ್ ಬಂದು ಪೆನಾಲ್ಟಿ ಕೊಡಬಹುದಿತ್ತು. ಗುಬ್ಬಿಗೇಟ್ ಅವರೇ, ಆ ಗೆರೆಯಲ್ಲೇ ನಿಂತಿದ್ದಿರಲ್ಲ, ನೀವೂ ನೋಡಲಿಲ್ಲವೇ?


ಗುಬ್ಬಿಗೇಟ್_ಗ್ಯಾಲರಿ

ಇಲ್ಲ ಸಾರ್. ನಾನು 7ನ್ನು ನೋಡ್ತಿದ್ದೆ. ಆಫ್‌ಸೈಡ್ ತಪ್ಪಬಾರದು ಅಂತ ಬಾಲ್ ಕಡೆ ನೋಡಲೇ ಇಲ್ಲ.

ಈಗ ಇದನ್ನು ಹುಡುಗಿಗೆ ಹೇಗೆ ಹೇಳೋದು? ನಿನ್ನೆಯಷ್ಟೇ ಮಾತಾಡೋಕೆ ಶುರು ಮಾಡಿದ್ದಾಳೆ.


ಚಾಂಪಿಯನ್_ರೀಫ್

ಫೈನಲ್‌ನಲ್ಲಿ ನಾವು ಸೋತೆವು ಅಂತ ಹೇಳಿ, 3-0. ಸಮಾಧಾನ ಆಗಬಹುದು.

ಆ ಅಜ್ಜಿ ನಮ್ಮ ಅತ್ತೆಯ ತಾಯಿ. 'ತುಮಕೂರ್ ಪಾಪ ಮತ್ತೆ ಬರ್ತಾಳಾ' ಅಂತ ಕೇಳ್ತಿದ್ದರು.


ಗುಬ್ಬಿಗೇಟ್_ಗ್ಯಾಲರಿ

ಬರ್ತಾಳೆ. ಅದಕ್ಕೂ ಮುಂಚೆ ನೀವು ಬನ್ನಿ. ಕೋಚ್ ಜೊತೆ ಮಾತಾಡ್ತೀನಿ, ನನ್ನ ಫೋನ್ ಎತ್ತಿದರೆ. ಒಂದು ಭಾನುವಾರ ಫ್ರೆಂಡ್ಲಿ ಇಟ್ಟುಕೊಳ್ಳೋಣ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ನನ್ನ ಲೆಕ್ಕ, ನಿಮ್ಮ ಮೈಕಿನವನನ್ನೂ ಕರೆದುಕೊಂಡು ಬನ್ನಿ. ಜೆರ್ಸಿ ನಂ 4 ಮೇಡಂ, ಟಾಯ್ಲೆಟ್ ಇರುವ ಮೈದಾನವನ್ನೇ ಕೇಳ್ತೀನಿ, ಬರ್ತೀರಾ?


ಜೆರ್ಸಿ_ನಂ_4

ಮೊದಲು ಟಾಯ್ಲೆಟ್ ಫೋಟೋ ಹಾಕಿ. ಬಾಗಿಲು, ಚಿಲಕ, ನೀರು, ಮೂರೂ ಕಾಣಬೇಕು.


ಚಾಂಪಿಯನ್_ರೀಫ್

ಬರ್ತೀವಿ ಅಣ್ಣ. ಆರು ಜನರಿಗೆ ರಜೆ ನೋಡಬೇಕು, ತಿಂಗಳ ಕೊನೆ ಭಾನುವಾರ ಆಗಬಹುದು. ಒಂದು ಕಡೆ ಫ್ಲ್ಯಾಗ್ ನಮ್ಮವರು ಹಿಡೀತಾರೆ. ಫೋನ್ ಕಿತ್ತುಕೊಂಡೇ ನಿಲ್ಲಿಸ್ತೀವಿ.


ಎಡಗಾಲು_ಸಿರಾ

ಇನ್ನೊಂದು ಕಡೆ ನಾನು ನಿಲ್ತೀನಿ. ಗುಬ್ಬಿಗೇಟ್ ಅಣ್ಣನ ಕೈಗೆ ಮಾತ್ರ ಟವೆಲ್ ಕೊಡಬೇಡ್ರಪ್ಪಾ.